ಆಟ ನಿಂತಿತು, ಮುಂದೇನು?

ಪ್ರಶ್ನೆ: ನನಗೆ 22 ವರ್ಷ. ಬೆಂಗಳೂರಿನ ಕ್ಲಬ್ ಒಂದರಲ್ಲಿ ಫಾರ್ವರ್ಡ್ ಆಗಿದ್ದೆ. ಮಂಡಿಯ ಎಸಿಎಲ್ ಅಸ್ಥಿರಜ್ಜು ಎರಡನೇ ಸಲ ಹರಿದಿದೆ. ಫುಟ್‌ಬಾಲ್ ಬಿಡಿ ಎಂದಿದ್ದಾರೆ ವೈದ್ಯರು. ದಿಕ್ಕೇ ತೋಚುತ್ತಿಲ್ಲ.

ಉತ್ತರ: ಚಿಕ್ಕಂದಿನಿಂದ ಕಟ್ಟಿಕೊಂಡ ಕನಸು ಕೈತಪ್ಪಿದಾಗ ದುಃಖವಾಗುವುದು ಸಹಜ. ಅದನ್ನು ನುಂಗಿಕೊಳ್ಳದೆ ಆಪ್ತರ ಬಳಿ ಹೇಳಿಕೊಳ್ಳಿ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಿ.

ಗಾಯದಿಂದ ಆಟ ನಿಂತರೂ ಫುಟ್‌ಬಾಲ್‌ನ ನಂಟು ಕಡಿಯಬೇಕಿಲ್ಲ. ಶ್ರೇಷ್ಠ ಫುಟ್‌ಬಾಲ್ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯನ್ನು ಮೂರು ಸಲ ಗೆದ್ದ ನೆದರ್ಲೆಂಡ್ಸ್‌ನ ಮಾರ್ಕೊ ವ್ಯಾನ್ ಬಾಸ್ಟನ್, ಕಣಕಾಲಿನ ಗಾಯದಿಂದಾಗಿ 1993ರಲ್ಲಿ, 28ನೇ ವಯಸ್ಸಿಗೇ ಕೊನೆಯ ಪಂದ್ಯ ಆಡಿದರು. 2004ರಲ್ಲಿ ಅವರೇ ರಾಷ್ಟ್ರೀಯ ತಂಡದ ಕೋಚ್ ಆದರು.

ಫಿಸಿಯೊಥೆರಪಿ ಮಾತ್ರ ನಿಲ್ಲಿಸಬೇಡಿ. ತೊಡೆಯ ಸ್ನಾಯು ಸೊರಗಿದರೆ ಮೆಟ್ಟಿಲು ಇಳಿಯುವಾಗಲೂ ಮಂಡಿ ಕೈಕೊಡುತ್ತದೆ. ಜೊತೆಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಡಿ ಲೈಸೆನ್ಸ್ ಕೋಚಿಂಗ್ ಕೋರ್ಸ್ ಬಗ್ಗೆ ವಿಚಾರಿಸಿ. ಕೋರ್ಸ್ ಸೇರುವವರೆಗೆ ವಾರಕ್ಕೊಮ್ಮೆ ಬಡಾವಣೆಯ ಮಕ್ಕಳಿಗೆ ಚೆಂಡು ಹಿಡಿತಕ್ಕೆ ತರುವುದನ್ನು ಕಲಿಸಿ. ನಿಮ್ಮ ಆಟದ ತಿಳಿವಳಿಕೆ ಅವರಿಗೆ ಬೇಕಾಗಿದೆ.