ವಿಜ್ಞಾನಿ ಹುದ್ದೆಯ ಬಾಗಿಲಲ್ಲಿ ನಿಂತಿರುವ ತಂಗಿಯ ಮಗಳಿಗೆ

ಪ್ರೀತಿಯ ಪುಟ್ಟಿ,



“ಎಂಬಿಎ ಮುಗಿಸಿಕೊಂಡು ಆಮೇಲೆ ಡಿಆರ್‌ಡಿಒನೋ ಇಸ್ರೋನೋ ಸೇರಿ ನೇರವಾಗಿ ಮ್ಯಾನೇಜ್‌ಮೆಂಟ್ ಕಡೆ ಹೋಗ್ತೀನಿ, ಲ್ಯಾಬಲ್ಲಿ ಕೂತು ಬೆಸುಗೆ ಹಾಕೋದು ನನಗೆ ಬೇಡ” ಅಂದೆಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಾಗ ಮೊದಲು ಬಂದದ್ದು ಸಿಟ್ಟು. ಸ್ವಲ್ಪ ದಿನ ಬಿಟ್ಟು ಬರೆಯುತ್ತಿದ್ದೇನೆ. ಸಿಟ್ಟು ಪೂರ್ತಿ ಇಳಿದಿದೆ ಅಂತ ಹೇಳಲಾರೆ. ನಿನ್ನ ಹಾಗೇ ಯೋಚಿಸುವ ಮಕ್ಕಳು ಇನ್ನೂ ಹಲವರು ಕಣ್ಣಿಗೆ ಬೀಳುತ್ತಾರಾದ್ದರಿಂದ ಇದನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ.

ನೀನು ಹೇಳುವ ಆ ನೇರ ಬಾಗಿಲು ಅಲ್ಲಿ ಇಲ್ಲ, ಪುಟ್ಟಿ. ಈ ಸಂಸ್ಥೆಗಳಲ್ಲಿ ಆಡಳಿತ ಮತ್ತು ಲೆಕ್ಕಪತ್ರಕ್ಕೆ ಬೇರೆ ಅಧಿಕಾರಿಗಳಿದ್ದಾರೆ ನಿಜ. ಆದರೆ ಯಾವ ಸಂಶೋಧನೆ ಕೈಗೆತ್ತಿಕೊಳ್ಳಬೇಕು, ಅದಕ್ಕೆ ಎಷ್ಟು ಹಣ, ಎಷ್ಟು ಜನ, ಯಾವಾಗ ನಿಲ್ಲಿಸಬೇಕು ಅಂತ ತೀರ್ಮಾನಿಸುವ ಗ್ರೂಪ್ ಹೆಡ್, ಪ್ರಾಜೆಕ್ಟ್ ಡೈರೆಕ್ಟರ್, ಲ್ಯಾಬಿನ ಡೈರೆಕ್ಟರ್, ಇವರೆಲ್ಲ ವಿಜ್ಞಾನಿಗಳು. ಡಿಆರ್‌ಡಿಒದಲ್ಲಾದರೆ ಸೈಂಟಿಸ್ಟ್ ‘ಬಿ’ ಆಗಿ, ಇಸ್ರೋದಲ್ಲಾದರೆ ಸೈಂಟಿಸ್ಟ್/ಎಂಜಿನಿಯರ್ ‘ಎಸ್‌ಸಿ’ ಆಗಿ ಕೆಳಗಿನಿಂದ ಬಂದವರು. ಅಗ್ನಿ-4 ಕ್ಷಿಪಣಿಯ ಯೋಜನಾ ನಿರ್ದೇಶಕಿಯಾಗಿದ್ದ ಟೆಸ್ಸಿ ಥಾಮಸ್ ಡಿಆರ್‌ಡಿಒ ಸೇರಿದ್ದು 1988ರಲ್ಲಿ. ಚಂದ್ರಯಾನ-2ರ ಯೋಜನಾ ನಿರ್ದೇಶಕಿಯಾಗಿದ್ದ ಎಂ. ವನಿತಾ ನಿನ್ನ ಹಾಗೇ ಎಲೆಕ್ಟ್ರಾನಿಕ್ಸ್ ಓದಿದವರು, ಹಾರ್ಡ್‌ವೇರ್ ಪರೀಕ್ಷೆಯ ಕೆಲಸದಿಂದ ಮೇಲೆ ಬಂದವರು.

ಮೇಲೇರುವ ದಾರಿಯೂ ಬೇರೆ ಇಲಾಖೆಗಳ ಹಾಗಲ್ಲ. ಮೇಲಿನವರು ನಿವೃತ್ತರಾಗಿ ಕುರ್ಚಿ ಖಾಲಿಯಾಗಲಿ ಅಂತ ಕಾಯಬೇಕಿಲ್ಲ. ‘ಬಿ’ಯಲ್ಲಿ ಸಾಮಾನ್ಯವಾಗಿ ಮೂರು ವರ್ಷ, ‘ಸಿ’ಯಲ್ಲಿ ನಾಲ್ಕು ವರ್ಷ ಆದ ಮೇಲೆ ಮಂಡಳಿಯ ಮುಂದೆ ಕೂತು ನೀನು ಮಾಡಿದ ಕೆಲಸವನ್ನು ನೀನೇ ವಿವರಿಸಬೇಕು. ಹೊರಗಿನ ತಜ್ಞರು ಕೂತಿರುತ್ತಾರೆ. ಗೆಳೆಯರು ಮಾಡಿದ್ದನ್ನು ತನ್ನದೆಂದು ಹೇಳಿಕೊಂಡು ಹೋದವರನ್ನು ಅವರು ಎರಡನೇ ಪ್ರಶ್ನೆಗೇ ಹಿಡಿಯುತ್ತಾರೆ. ಮಂಡಳಿಯಲ್ಲಿ ಕೂತು ನಾನೂ ಹಿಡಿದಿದ್ದೇನೆ.

ಎಂಬತ್ತರ ದಶಕದಲ್ಲಿ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದಾಗ ನಿಮ್ಮ ತಾತನಿಗೆ ನಾನು ಬಿ.ಎಡ್. ಮಾಡಬೇಕು ಅಂತ ಇತ್ತು. ಬೆಂಗಳೂರಿನ ಲ್ಯಾಬೊಂದರಿಂದ ಕರೆ ಬಂದಾಗ ‘ಅಲ್ಲಿ ಏನು ಕೆಲಸ’ ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ. ಸೇರಿದ ಮೇಲೆ ನನ್ನನ್ನು ಕೂರಿಸಿದ್ದು ಸ್ಟ್ರೇನ್ ಗೇಜ್ ಅಂಟಿಸುವ ಮೇಜಿಗೆ. ಉಗುರಿನಷ್ಟಗಲದ ಹಾಳೆ, ಅದರೊಳಗೆ ಕೂದಲಿಗಿಂತ ತೆಳುವಾದ ಲೋಹದ ಗೆರೆಗಳು. ಲೋಹ ಹಿಗ್ಗಿದರೆ ಉದ್ದ ಹೆಚ್ಚುತ್ತದೆ, ಅಡ್ಡಗಾತ್ರ ಕಡಿಮೆಯಾಗುತ್ತದೆ, ಅದರಿಂದ ರೋಧ ಒಂದಿಷ್ಟು ಏರುತ್ತದೆ. 350 ಓಮ್‌ನಲ್ಲಿ ಆಗುವ ಆ ಒಂದಿಷ್ಟು ಬದಲಾವಣೆಯನ್ನು ವ್ಹೀಟ್‌ಸ್ಟೋನ್ ಬ್ರಿಡ್ಜ್ ಕಟ್ಟಿ ಅಳೆದರೆ ವಿಮಾನದ ರೆಕ್ಕೆ ಎಷ್ಟು ಬಾಗಿ ನೊಂದಿದೆ ಅಂತ ತಿಳಿಯುತ್ತದೆ. ಪುಸ್ತಕದಲ್ಲಿ ಇಷ್ಟೇ.

ಮೇಜಿನ ಮೇಲೆ ಬೇರೆಯೇ. ಐಟಿಐ ಓದಿದ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದರು. ಎಮೆರಿ ಪೇಪರಿನಿಂದ ಲೋಹವನ್ನು ಎಷ್ಟು ಉಜ್ಜಬೇಕು, ಅಸಿಟೋನಿನಲ್ಲಿ ಒರೆಸುವಾಗ ಬಟ್ಟೆಯನ್ನು ಒಂದೇ ದಿಕ್ಕಿಗೆ ಯಾಕೆ ಎಳೆಯಬೇಕು, ಅಂಟು ಹಾಕಿದ ಮೇಲೆ ಹೆಬ್ಬೆರಳನ್ನು ಒಂದು ನಿಮಿಷ ಅಲುಗಾಡಿಸದೆ ಹೇಗೆ ಒತ್ತಿ ಹಿಡಿಯಬೇಕು ಅಂತ ಕಲಿಸಿದವರು ಅವರು. ನನ್ನ ಎಂ.ಎಸ್ಸಿ. ರ‍್ಯಾಂಕು ಅವರ ಮುಂದೆ ಏನೂ ಅಲ್ಲ. ನಾನು ಅಂಟಿಸಿದ್ದನ್ನು ಅವರು ಕಿತ್ತು ಹಾಕುತ್ತಿದ್ದರು, ಮತ್ತೆ ಅಂಟಿಸಮ್ಮ ಅನ್ನುತ್ತಿದ್ದರು. ಮನೆಗೆ ಹೋಗುವ ಬಸ್ಸಿನಲ್ಲಿ ಅತ್ತದ್ದೂ ಇದೆ.

ಆಮೇಲೆ ಒಂದು ರೆಕ್ಕೆಯ ಪರೀಕ್ಷೆ ಬಂತು. ಹೈಡ್ರಾಲಿಕ್ ಜ್ಯಾಕುಗಳಿಂದ ಹಂತಹಂತವಾಗಿ ಭಾರ ಏರಿಸುತ್ತಾ ಹೋಗುವುದು, ಪ್ರತಿ ಹಂತದಲ್ಲೂ ನೂರಾರು ಗೇಜುಗಳನ್ನು ಓದುವುದು. ಒಂದು ಹಂತದಲ್ಲಿ ಒಂದು ಗೇಜು ಥಟ್ಟನೆ ಎಗರಿತು. ಕಂಟ್ರೋಲ್ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ರೆಕ್ಕೆಯೊಳಗೆ ಏನಾದರೂ ಬಿಟ್ಟುಕೊಂಡಿದ್ದರೆ ಮುಂದಿನ ಭಾರಕ್ಕೆ ಮುರಿಯುತ್ತದೆ, ವರ್ಷಗಳ ಶ್ರಮ ಹೋಗುತ್ತದೆ. ಸುಮ್ಮನೆ ಹೆದರಿ ನಿಲ್ಲಿಸಿದರೆ ಎಲ್ಲವನ್ನೂ ಬಿಚ್ಚಿ ನೋಡಬೇಕು, ತಿಂಗಳುಗಟ್ಟಲೆ ತಡ. ನಮ್ಮ ಗ್ರೂಪ್ ಹೆಡ್ ಎದ್ದು ಬಂದು ಕೇಳಿದ್ದು ಒಂದೇ: “ಇದನ್ನು ಅಂಟಿಸಿದ್ದು ಯಾರು?” ನಾನೇ ಅಂದೆ. ಅಕ್ಕಪಕ್ಕದ ಗೇಜುಗಳ ಅಂಕಿ ಓದಿಸಿದರು. ಅವೆಲ್ಲ ಸಾಲಾಗಿ, ಲೆಕ್ಕದ ಪ್ರಕಾರವೇ ಏರಿದ್ದವು. ಭಾರ ಇಳಿಸಿ ಅಂದರು. ಇಳಿಸಿದಾಗ ಉಳಿದವೆಲ್ಲ ಸೊನ್ನೆಗೆ ಮರಳಿದವು, ಅದೊಂದು ಮರಳಲಿಲ್ಲ. “ರೆಕ್ಕೆ ಸರಿಯಾಗಿದೆ. ಬಿಟ್ಟಿರೋದು ಅಂಟು. ಮುಂದುವರಿಸೋಣ.” ಪರೀಕ್ಷೆಯ ದಾಖಲೆಯ ಕೆಳಗೆ ಸಹಿ ಹಾಕಿದರು. ಪರೀಕ್ಷೆ ಪೂರ್ತಿಯಾಯಿತು.

ಪುಟ್ಟಿ, ಸಂಶೋಧನೆಯನ್ನು ನಡೆಸುವುದು ಅಂದರೆ ಆ ಸಹಿ. ಅವರು ಹಿಂದೆ ಸಾವಿರ ಗೇಜು ಅಂಟಿಸಿದ್ದವರು, ಅದಕ್ಕೇ ಆ ಸಹಿ ಹಾಕಬಲ್ಲವರಾಗಿದ್ದರು. ಬೆಸುಗೆ ಹಾಕುವುದು ಬೇಡ ಅನ್ನುವ ನಿನ್ನ ಕೈಗೆ ಅಂಥ ಹೊತ್ತಿನಲ್ಲಿ ಪೆನ್ನು ಕೊಟ್ಟರೆ ಏನು ಮಾಡುತ್ತೀಯ? ಕಮಿಟಿ ಮಾಡುತ್ತೀಯ. ಕಮಿಟಿಯ ವರದಿ ಬರುವ ಹೊತ್ತಿಗೆ ಪ್ರಾಜೆಕ್ಟಿನ ಗಡುವು ಮುಗಿದಿರುತ್ತದೆ. ಬೇಜಾರಾದರೂ ಹೇಳುತ್ತೇನೆ, ನಿನ್ನದು ಮಹತ್ವಾಕಾಂಕ್ಷೆ ಅಲ್ಲ, ಕಷ್ಟದ ಭಾಗವನ್ನು ಬಿಟ್ಟು ಮೇಲಿನದನ್ನು ಮಾತ್ರ ಬೇಡುವ ಆಸೆ.

ಇದು ಬರೀ ದೊಡ್ಡ ಪರೀಕ್ಷೆಗಳ ಮಾತಲ್ಲ. ದಿನನಿತ್ಯದ ಕಡತದಲ್ಲೂ ಹೀಗೇ. ಅದೇ ಅಂಟಿನ ಒಂದು ಕಂತು ವಿದೇಶದಿಂದ ಬಂದು ಎಲ್ಲೋ ಒಂದು ಮೇಜಿನ ಮುಂದೆ ಸಿಕ್ಕಿಹಾಕಿಕೊಂಡಿತು. ಆ ಅಂಟನ್ನು ತಂಪಿನಲ್ಲಿ ಇಡಬೇಕು, ಅದಕ್ಕೆ ಅವಧಿ ಇದೆ. ಇಂಡೆಂಟ್, ಅಂದರೆ ಖರೀದಿಯ ಬೇಡಿಕೆಪತ್ರ, ಬರೆದವರು ಅಂಟನ್ನು ಕೈಯಿಂದ ಮುಟ್ಟಿದವರಲ್ಲವಾದ್ದರಿಂದ ಅದೊಂದು ಸಾಲು ಬರೆದಿರಲಿಲ್ಲ. ಬಿಡಿಸಿಕೊಂಡು ಬರುವಷ್ಟರಲ್ಲಿ ಬಾಟಲಿಗಳೆಲ್ಲ ಗಟ್ಟಿಯಾಗಿದ್ದವು. ಕಾಗದದ ಮೇಲೆ ಖರೀದಿಯಲ್ಲಿ ಒಂದು ತಪ್ಪೂ ಇರಲಿಲ್ಲ. ನಾನು ಗ್ರೂಪ್ ಹೆಡ್ ಆದಾಗ ಮೊದಲು ಮಾಡಿದ್ದು, ವಸ್ತುವನ್ನು ಬಳಸುವವರೇ ಅದರ ಸ್ಪೆಸಿಫಿಕೇಶನ್ ಬರೆಯಬೇಕು ಅಂತ. ಸರ್ಕಾರಿ ಖರೀದಿಯಲ್ಲಿ ಸ್ಪೆಸಿಫಿಕೇಶನ್ ಪೂರೈಸಿದವರಲ್ಲಿ ಸಾಮಾನ್ಯವಾಗಿ ಎಲ್1, ಅಂದರೆ ಅತಿ ಕಡಿಮೆ ಬೆಲೆ ಹೇಳಿದವನಿಗೇ ಆರ್ಡರ್. ಬರೆದದ್ದು ಸಡಿಲವಾಗಿದ್ದರೆ ಕಳಪೆ ಯಂತ್ರ ಬಂದು ಕೂರುತ್ತದೆ, ಬಿಗಿ ಅತಿಯಾದರೆ ಒಬ್ಬನಿಗೇ ಅನುಕೂಲ ಮಾಡಿದ್ದೀಯ ಅಂತ ಆಡಿಟ್ ಕೇಳುತ್ತದೆ. ಎಷ್ಟು ಬಿಗಿ ಅನ್ನುವುದನ್ನು ಯಂತ್ರ ಓಡಿಸಿದವರು ಮಾತ್ರ ಹೇಳಬಲ್ಲರು. 2025ರಲ್ಲಿ ವೈಜ್ಞಾನಿಕ ಸಂಸ್ಥೆಗಳಿಗೆ ಖರೀದಿ ನಿಯಮ ಸಡಿಲಿಸಿ, ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿನ ಹೊರಗೂ ಕೊಳ್ಳಲು ಮುಖ್ಯಸ್ಥರಿಗೆ ಅಧಿಕಾರ ಕೊಟ್ಟಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ನನ್ನ ಸೇವಾವಧಿಯಲ್ಲಿ ಆಗಬಾರದಿತ್ತೇ ಅನ್ನಿಸಿತು.

ಇನ್ನೂ ಹಿಂದಿನದು ನೋಡು. ಆರ್ಯಭಟವನ್ನು ಕಟ್ಟಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. 360 ಕೆ.ಜಿ. ತೂಕದ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹೋಯಿತು. ಆ ತಂಡ ನಡೆಸಿದವರು ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್, ಅವರು ಕಾಸ್ಮಿಕ್ ಕಿರಣಗಳ ಮೇಲೆ ಸಂಶೋಧನೆ ಮಾಡಿ ಬಂದ ವಿಜ್ಞಾನಿ. 1998ರಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆದ ಮೇಲೆ ಅಮೆರಿಕ ನಿರ್ಬಂಧ ಹೇರಿದಾಗ ತೇಜಸ್ ಯುದ್ಧವಿಮಾನದ ಹಾರಾಟ ನಿಯಂತ್ರಣದ ಮೇಲೆ ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮವರು ಬರಿಗೈಯಲ್ಲಿ ವಾಪಸು ಬಂದರು. ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರಲಿಲ್ಲ. ಉಳಿದದ್ದನ್ನು ಇಲ್ಲೇ ಮುಗಿಸಿ 2001ರ ಜನವರಿ 4ರಂದು ವಿಮಾನ ಬೆಂಗಳೂರಿನ ಆಕಾಶಕ್ಕೆ ಏರಿತು. ಸೋತದ್ದನ್ನೂ ಹೇಳಬೇಕು. ತೇಜಸ್‌ಗೆಂದು ಹೊರಟ ಕಾವೇರಿ ಎಂಜಿನ್ನಿಗೆ 1989ರಲ್ಲಿ ಮಂಜೂರಾತಿ ಸಿಕ್ಕಿತು, 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು. 2010ರಲ್ಲಿ ಹಾರಾಟದಲ್ಲಿ ಪರೀಕ್ಷಿಸಲು ರಷ್ಯಾಕ್ಕೆ ಒಯ್ದು ಐಎಲ್-76ಕ್ಕೆ ಕಟ್ಟಬೇಕಾಯಿತು. ಎಂಜಿನ್ ಬೇಕು ಅಂತ ಹಣ ಕೇಳುವ ದಿನವೇ ಅದನ್ನು ಪರೀಕ್ಷಿಸುವ ಸೌಲಭ್ಯಕ್ಕೂ ಹಣ ಕೇಳಬೇಕು ಅನ್ನುವುದು ಅಲ್ಲಿಂದ ನಾನು ಕಲಿತ ಪಾಠ. ಆ ಮಾತನ್ನು ಮಂಜೂರಾತಿ ಸಭೆಯಲ್ಲಿ ಗಟ್ಟಿಯಾಗಿ ಹೇಳುವವರು ಬೇಕು. ನೀನು ಅಂಥವಳಾಗಬಲ್ಲೆ ಅನ್ನುವ ನಂಬಿಕೆ ಇಲ್ಲದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಆರಂಭದ ಮೂಲವೇತನ 56,100 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಈಗ ನಿನ್ನ ಕಂಪನಿ ಇದಕ್ಕಿಂತ ಹೆಚ್ಚು ಕೊಡುತ್ತದೆ, ಎಂಬಿಎ ಆದ ಮೇಲೆ ಇನ್ನೂ ಹೆಚ್ಚು ಸಿಗಬಹುದು. ನನ್ನ ಹಾಗೆ ಹಳೇ ಪಿಂಚಣಿ ನಿನಗೆ ಇಲ್ಲ. 2004ರಿಂದ ಸೇರಿದವರಿಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ), 2025ರಿಂದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ಆರಿಸಿಕೊಳ್ಳುವ ಅವಕಾಶ. ಬೆಂಗಳೂರೇ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡ, ಎಲೆಕ್ಟ್ರಾನಿಕ್ಸ್‌ನವರನ್ನು ಹೈದರಾಬಾದಿಗೂ ಡೆಹ್ರಾಡೂನಿಗೂ ಚಾಂದೀಪುರಕ್ಕೂ ಕಳಿಸುತ್ತಾರೆ. ಮದುವೆ, ಮಕ್ಕಳು ಅಂತ ನಿನ್ನಮ್ಮ ಚಿಂತೆ ಮಾಡುತ್ತಾಳೆ. ಅವಳಿಗೆ ಹೇಳು: ನಾನು ಸೇರಿದಾಗ ಹೆರಿಗೆ ರಜೆ 90 ದಿನ. 2008ರಿಂದ 180 ದಿನ, ಜೊತೆಗೆ ಇಡೀ ಸೇವೆಯಲ್ಲಿ 730 ದಿನಗಳ ಶಿಶುಪಾಲನಾ ರಜೆ. ನಿಮ್ಮಣ್ಣನನ್ನು ಪಕ್ಕದ ಮನೆಯವರ ಮಡಿಲಲ್ಲಿ ಬಿಟ್ಟು ನಾನು ಓಡಿದ ಹಾಗೆ ನೀನು ಓಡಬೇಕಿಲ್ಲ.

ಎಂಬಿಎ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹತ್ತು ವರ್ಷ ಕೆಲಸ ಮಾಡಿದ ಮೇಲೂ ಬೇಕೆನಿಸಿದರೆ ಮಾಡು, ಆಗ ಅಲ್ಲಿ ಕಲಿಸುವುದು ನಿನಗೆ ಅರ್ಥವಾಗುತ್ತದೆ. ಗೇಟ್ ಪರೀಕ್ಷೆಯ ಸ್ಕೋರ್ ಮಾತ್ರ ಕಾಯುವುದಿಲ್ಲ, ಅದರ ಆಯಸ್ಸು ಮೂರು ವರ್ಷ. ಡಿಆರ್‌ಡಿಒ ಅದನ್ನು ನೋಡಿ ಸಂದರ್ಶನಕ್ಕೆ ಕರೆಯುತ್ತದೆ. ಭಾಭಾ ಅಣು ಸಂಶೋಧನಾ ಕೇಂದ್ರ ಗೇಟ್ ಮೂಲಕವೂ ತನ್ನದೇ ಪರೀಕ್ಷೆಯ ಮೂಲಕವೂ ಆರಿಸಿ ಒಂದು ವರ್ಷ ತರಬೇತಿ ಕೊಡುತ್ತದೆ; ಆ ತರಬೇತಿ ಶಾಲೆ 1957ರಿಂದ ನಡೆಯುತ್ತಿದೆ. ಇಸ್ರೋದಲ್ಲೂ ಕೊನೆಗೆ ಸಂದರ್ಶನ ಇರುತ್ತದೆ. ಅಲ್ಲಿ ಬಿ.ಇ.ಯಲ್ಲಿ ಶೇ. 65 ಇಲ್ಲವೇ 6.84 ಸಿಜಿಪಿಎ ಕೇಳುತ್ತಾರೆ, ನಿನಗೆ ಅದಿದೆ. ಮೂರಕ್ಕೂ ಅರ್ಜಿ ಹಾಕು.

ಸಂದರ್ಶನಕ್ಕೆ ಗೈಡ್ ಪುಸ್ತಕ ತೆಗೆದುಕೊಂಡು ಕೂರಬೇಡ. ಮಂಡಳಿಯಲ್ಲಿ ನಾನು ಮೊದಲು ಕೇಳುತ್ತಿದ್ದದ್ದು ಅಭ್ಯರ್ಥಿಯ ಕೊನೇ ವರ್ಷದ ಪ್ರಾಜೆಕ್ಟನ್ನೇ. ನೀನು ಮಾಡಿದ ಆ ಆಂಟೆನಾ, ಅದರ ಅಳತೆ ಯಾಕೆ ಅಷ್ಟು, ಸಿಮ್ಯುಲೇಷನ್ನಿಗೂ ಅಳೆದದ್ದಕ್ಕೂ ವ್ಯತ್ಯಾಸ ಯಾಕೆ ಬಂತು, ಅಳೆದದ್ದು ನೀನೋ ನಿನ್ನ ಗೆಳತಿಯೋ, ಇದನ್ನು ಹೇಳಬಲ್ಲೆಯಾ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಆಮೇಲೆ ಹೇಗೆ ಕಂಡುಹಿಡಿಯುತ್ತೀಯ ಅಂತ ಹೇಳು. ಹಾಗೆ ಹೇಳಿದವರಿಗೆ ನಾನು ಕೈಬಿಚ್ಚಿ ಅಂಕ ಕೊಟ್ಟಿದ್ದೇನೆ.

ಬೈದೆ ಅಂತ ಮುನಿಸಿಕೊಳ್ಳಬೇಡ, ಪುಟ್ಟಿ. ಚಿಕ್ಕವಳಿದ್ದಾಗ ನಮ್ಮನೆ ರೇಡಿಯೋ ಬಿಚ್ಚಿಟ್ಟು ಮತ್ತೆ ಜೋಡಿಸಿದವಳು ನೀನು. ಲ್ಯಾಬ್ ಬೇಡ ಅನ್ನುವ ಮಾತು ನಿನ್ನದೇ ಅಂತ ನನಗೆ ಇನ್ನೂ ನಂಬಿಕೆ ಬಂದಿಲ್ಲ. ಕಂಪನಿಯಲ್ಲಿ ದಣಿದಿದ್ದೀಯ, ಅಷ್ಟೇ ಇರಬೇಕು. ಎಂಬಿಎ ಸೀಟಿಗೆ ದುಡ್ಡು ಕಟ್ಟುವ ಮೊದಲು ಒಂದು ಭಾನುವಾರ ಮನೆಗೆ ಬಾ. ಪ್ರಾಜೆಕ್ಟ್ ವರದಿ, ಮಾರ್ಕ್ಸ್ ಕಾರ್ಡುಗಳು, ಸಿಜಿಪಿಎಯನ್ನು ಶೇಕಡಾಕ್ಕೆ ಬದಲಿಸಿದ ಪ್ರಮಾಣಪತ್ರ ತೆಗೆದುಕೊಂಡು ಬಾ. ಪ್ರಮಾಣಪತ್ರ ಇನ್ನೂ ಮಾಡಿಸಿಲ್ಲದಿದ್ದರೆ ವಿಶ್ವವಿದ್ಯಾಲಯಕ್ಕೆ ನಾಳೆಯೇ ಅರ್ಜಿ ಕೊಡು, ಕೊನೇ ಗಳಿಗೆಯಲ್ಲಿ ಅದಕ್ಕಾಗಿ ಅಲೆದವರನ್ನು ನೋಡಿದ್ದೇನೆ. ಬೆಳಿಗ್ಗೆಯೆಲ್ಲ ನಾನು ಪ್ರಶ್ನೆ ಕೇಳುತ್ತೇನೆ. ಮಧ್ಯಾಹ್ನ ಊಟಕ್ಕೆ ದೊಡ್ಡಪ್ಪ ಬಿಸಿಬೇಳೆಬಾತ್ ಮಾಡುತ್ತಾರಂತೆ.

ಇಂತಿ,
ನಿನ್ನ ದೊಡ್ಡಮ್ಮ