ಊರ ನಡುವಿನ ಮನೆಗೆ ಹಾಕಿದ ದುಡ್ಡು

ಸಿರುಗುಪ್ಪ, ಕುರುಗೋಡು ಕಡೆಯ ರೈತರ ಕೈಗೆ ಭತ್ತ, ಮೆಣಸಿನಕಾಯಿ ಮಾರಿದ ದುಡ್ಡು ಬರುತ್ತಿದ್ದಂತೆ ಬಳ್ಳಾರಿಯ ಸೈಟ್ ಬ್ರೋಕರ್‌ಗಳ ಫೋನು ಶುರುವಾಗುತ್ತದೆ. ನಮ್ಮ ಮನೆಯಲ್ಲೂ ಆಗ ಇದೇ ಚರ್ಚೆ. ಸಿರುಗುಪ್ಪದ ನಮ್ಮ ಸೋದರಮಾವನದು ಒಂದೇ ಮಾತು: “ಊರಾಗಿನ ಹಳೇ ಮನಿಗೆ ಯಾಕಪ್ಪ ರೊಕ್ಕ ಸುರೀತಿ? ರೋಡಿಗೆ ಹತ್ತಿ ಒಂದು ಸೈಟ್ ಹಿಡಿ, ಮೂರು ವರ್ಷದಾಗ ಡಬಲ್ ಆಕ್ಕತಿ.” ಮಾವನ ಮೇಲೆ ನನಗೆ ಗೌರವವಿದೆ, ಈ ಲೆಕ್ಕದ ಮೇಲೆ ಇಲ್ಲ.

ಡಬಲ್ ಆದ ಕಾಲ ಒಂದಿತ್ತು, ನಿಜ. ಅದಿರು ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ವರ್ಷಗಳಲ್ಲಿ ಊರ ಸುತ್ತಲಿನ ಎರೆಹೊಲಗಳಲ್ಲೆಲ್ಲ ಲೇಔಟ್ ಕಲ್ಲು ನೆಟ್ಟರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಆ ಸೈಟುಗಳನ್ನು ಕೊಳ್ಳುವವರೇ ಇಲ್ಲದಂತಾಯಿತು. ಚಾಗನೂರು–ಸಿರಿವಾರದ ಬಯಲಿಗೆ ವಿಮಾನ ನಿಲ್ದಾಣ ಬರುತ್ತದೆಂದು ಭೂಮಿ ಬಿಟ್ಟುಕೊಟ್ಟ ರೈತರು ಇನ್ನೂ ಕಾಯುತ್ತಿದ್ದಾರೆ. ಆ ಸುದ್ದಿಯನ್ನೇ ನಂಬಿ ಅಕ್ಕಪಕ್ಕದಲ್ಲಿ ಸೈಟು ಹಿಡಿದವರ ಪಾಡು ಬೇರೆ ಹೇಳಬೇಕಿಲ್ಲ.

ಈಗಿನ ಲೆಕ್ಕ ನೋಡಿ. ಸೈಟಿನ ಬೆಲೆ 30 ಲಕ್ಷ ಎಂದಿಟ್ಟುಕೊಳ್ಳೋಣ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ಸುಮಾರು ಶೇ 7.6, ಅಂದರೆ 2.28 ಲಕ್ಷ ಮೊದಲ ದಿನವೇ ಕೈಬಿಟ್ಟಿತು. ಅಷ್ಟೂ ಹಣವನ್ನು ಶೇ 7ರ ಬಡ್ಡಿಗೆ ಎಫ್.ಡಿ. ಇಟ್ಟಿದ್ದರೆ ಎಷ್ಟಾಗುತ್ತಿತ್ತೋ ಅಷ್ಟಾದರೂ ಬರಬೇಕೆಂದರೆ ಮೂರು ವರ್ಷದಲ್ಲಿ ಸೈಟು 39 ಲಕ್ಷ ದಾಟಿ ಮಾರಬೇಕು. ಅಲ್ಲಿಯವರೆಗೆ ಅದರಿಂದ ಒಂದು ರೂಪಾಯಿ ಬಾಡಿಗೆ ಇಲ್ಲ, ಜಾಲಿ ಕಡಿಸುವ ಖರ್ಚು ಮಾತ್ರ ನಮ್ಮದು.

ಬಾಡಿಗೆ ಕೊಡುವವರು ಎಲ್ಲಿದ್ದಾರೆ ಎಂದು ನೋಡಿದರೆ ಮನೆಯ ಬೇಡಿಕೆ ಎಲ್ಲಿದೆಯೆಂದು ತಿಳಿಯುತ್ತದೆ. ವಿಮ್ಸ್ ಎಂದೇ ಜನ ಕರೆಯುವ ಮೆಡಿಕಲ್ ಕಾಲೇಜಿನ ದಾದಿಯರು, ಕೌಲ್‌ಬಜಾರಿನ ಜೀನ್ಸ್ ಘಟಕಗಳ ಹೊಲಿಗೆಯವರು, ಬೆಂಗಳೂರು ರಸ್ತೆಯ ಅಂಗಡಿಗಳಲ್ಲಿ ರಾತ್ರಿ ಒಂಬತ್ತರವರೆಗೆ ದುಡಿಯುವವರು, ಮಕ್ಕಳನ್ನು ಕಾಲೇಜಿಗೆ ಹಾಕಿ ಜೊತೆಗೆ ಅಜ್ಜಿಯನ್ನು ಬಿಟ್ಟುಹೋಗುವ ಸಿರುಗುಪ್ಪದ ರೈತ ಕುಟುಂಬಗಳು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದರೂ ಉಳಿದ ಐದು ತಾಲ್ಲೂಕಿಗೆ ಬಳ್ಳಾರಿಯೇ ಕೇಂದ್ರ. ಕುರುಗೋಡು ತಾಲ್ಲೂಕಾದ ಮೇಲೂ ಅಲ್ಲಿನ ನೌಕರರಲ್ಲಿ ಬಳ್ಳಾರಿಯಲ್ಲಿ ಮನೆ ಮಾಡಿ ಬಸ್ಸಿನಲ್ಲಿ ಓಡಾಡುವವರಿದ್ದಾರೆ. ಇವರಿಗೆಲ್ಲ ಬೇಕಾದದ್ದು ನಡೆದು ಹೋಗುವಷ್ಟು ದೂರದಲ್ಲಿ ಎರಡು ಕೋಣೆಯ ಒಂದು ಪೋರ್ಷನ್.

ಬ್ರೂಸ್‌ಪೇಟೆಯಲ್ಲಿ ನಮ್ಮದೊಂದು ಹಳೆಯ ಮಾಳಿಗೆ ಮನೆಯಿದೆ. ಕಲ್ಲಿನ ಗೋಡೆ, ತೊಲೆ ಜಂತೆಯ ಮೇಲೆ ಮಣ್ಣಿನ ಮಾಳಿಗೆ. ಎಡಗಡೆಯ ಗೋಡೆ ನಮಗೂ ಪಕ್ಕದ ಮನೆಯವರಿಗೂ ಒಂದೇ. ಅವರ ಕಡೆಯಿಂದ ಚುಚ್ಚಿದ ಗೂಟದ ತುದಿ ನಮ್ಮ ಅಡುಗೆಮನೆಯಲ್ಲಿ ಕಾಣುತ್ತದೆ. ಇದನ್ನು ಕೆಡವಿ ಕಟ್ಟಬೇಕೆಂದು ಹೊರಟಾಗ ಮೇಸ್ತ್ರಿ ಮೊದಲು ಕೈಯಿಟ್ಟು ನೋಡಿದ್ದು ಆ ಗೋಡೆಯನ್ನೇ. ಅದನ್ನು ಮುಟ್ಟದೆ ನಮ್ಮ ಜಾಗದಲ್ಲಿ ಬೇರೆ ಪಿಲ್ಲರ್ ಎಬ್ಬಿಸಬೇಕೆಂದ. ಅದರಿಂದ ಒಂದಡಿಗೂ ಹೆಚ್ಚು ಅಗಲ ಹೋಗುತ್ತದೆ. ಓಣಿಗೆ ಲಾರಿ ಬರುವುದಿಲ್ಲ. ಮರಳು, ಜಲ್ಲಿಯನ್ನು ದೊಡ್ಡ ರಸ್ತೆಯಲ್ಲಿ ಇಳಿಸಿ ಚಿಕ್ಕ ಗಾಡಿಯಲ್ಲಿ ತರಬೇಕು. ಹೊರಗಿನ ಲೇಔಟಿನಲ್ಲಿ ಕಟ್ಟುವುದಕ್ಕಿಂತ ಇಲ್ಲಿ ಖರ್ಚು ಹೆಚ್ಚು. ಇದನ್ನು ಮುಚ್ಚಿಟ್ಟು ಯಾರಿಗೂ ಸಲಹೆ ಕೊಡಬಾರದು.

ಆದರೂ ಲೆಕ್ಕ ಕೂಡುತ್ತದೆ. ಚದರಡಿಗೆ 2,000 ರೂಪಾಯಿ ಹಿಡಿದು 1,000 ಚದರಡಿಯ ಎರಡು ಮಹಡಿ ಕಟ್ಟಿದರೆ 40 ಲಕ್ಷ. ಅರ್ಧ ಕೈಯಿಂದ, ಅರ್ಧ ಬ್ಯಾಂಕಿನಿಂದ. 20 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 17,400. ಎರಡು ಮನೆಗೆ ತಲಾ 10,000 ಬಾಡಿಗೆ ಬಂದರೆ ಕಂತು ತೀರಿ ತೆರಿಗೆ, ರಿಪೇರಿಗೂ ಒಂದಿಷ್ಟು ಉಳಿಯುತ್ತದೆ. ಪೂರ್ತಿ ಸಾಲದ ಮೇಲೆ ಕಟ್ಟಿದರೆ ಮಾತ್ರ ಇದು ತಲೆಕೆಳಗು: ಬಾಡಿಗೆ ಹುಟ್ಟುವುದು ಶೇ 6, ಬಡ್ಡಿ ಶೇ 8.5. ಭತ್ತದ ದುಡ್ಡು ಕೈಯಲ್ಲಿದ್ದವರಿಗೆ ಈ ದಾರಿ ಹೊಂದುವುದು ಅದಕ್ಕೇ.

ಊರೊಳಗೆ ಹೊಸ ಮನೆಗಳು ಏಳದಿರುವುದಕ್ಕೆ ದೊಡ್ಡ ಕಾರಣ ದುಡ್ಡಲ್ಲ, ಕಾಗದ. ಖಾತೆ ಇನ್ನೂ ತಾತನ ಹೆಸರಿನಲ್ಲಿ, ವಾರಸುದಾರರು ಹೈದರಾಬಾದಿನಲ್ಲೊಬ್ಬರು, ಹುಬ್ಬಳ್ಳಿಯಲ್ಲೊಬ್ಬರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ, ಅದರ ಮೇಲೆ 2020ರ ಸುಪ್ರೀಂ ಕೋರ್ಟ್ ತೀರ್ಪು ಬಂದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಸಮಪಾಲಿನ ಬಗ್ಗೆ ಅನುಮಾನವೇ ಇಲ್ಲ. ಅಕ್ಕತಂಗಿಯರ ಸಹಿ ಇಲ್ಲದ ಭಾಗಪತ್ರವನ್ನು ಯಾವ ಬ್ಯಾಂಕಿನ ವಕೀಲರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ನಮ್ಮಲ್ಲಿ ಅಕ್ಕಂದಿರನ್ನು ಕೂರಿಸಿಕೊಂಡು, ಯಾರಿಗೆ ಮಹಡಿ ಯಾರಿಗೆ ನಗದು ಎಂದು ಮಾತಾಡಿ, ಭಾಗಪತ್ರ ನೋಂದಣಿ ಮಾಡಿಸಿದೆವು. ಕ್ರಯಪತ್ರಕ್ಕೆ ಹೋಲಿಸಿದರೆ ಅದರ ಖರ್ಚು ತೀರಾ ಕಡಿಮೆ. ಆಮೇಲೆ ಇ-ಖಾತಾ. ಅದಿಲ್ಲದೆ ಈಗ ನಗರದ ಆಸ್ತಿ ಕ್ರಯಕ್ಕೂ ಹೋಗುವುದಿಲ್ಲ. ಕೋಟೆಯ ಪಕ್ಕ ಜಾಗವಿರುವವರು ಇನ್ನೊಂದನ್ನು ನೋಡಿಕೊಳ್ಳಬೇಕು: ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೆ ಪ್ರತ್ಯೇಕ ಅನುಮತಿ ಬೇಕು.

ಸ್ವಂತ ಜಾಗವಿಲ್ಲದವರು ಅಪಾರ್ಟ್‌ಮೆಂಟ್ ನೋಡುತ್ತಾರೆ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಮನೆಯಾದರೆ ರೇರಾ ನೋಂದಣಿ ಕಡ್ಡಾಯ. ಬ್ರೋಷರ್ ಪಕ್ಕಕ್ಕಿಟ್ಟು ಆ ನಂಬರು ಕೇಳಿ, ವೆಬ್‌ಸೈಟಿನಲ್ಲಿ ನೀವೇ ತೆಗೆದು ನೋಡಿ. ಎರಡನೆಯದು ನೀರು. ತುಂಗಭದ್ರಾ ಕಾಲುವೆಗೆ ನೀರು ನಿಂತ ಮೇಲೆ ಅಲ್ಲೀಪುರದಂಥ ಕೆರೆಗಳಲ್ಲಿ ತುಂಬಿಟ್ಟದ್ದೇ ನಗರಕ್ಕೆ ಆಧಾರ. ನಲ್ಲಿಯಲ್ಲಿ ದಿನಾ ಬರುವ ಊರಲ್ಲ ಇದು. ಹೀಗಾಗಿ ಮನೆಯ ಹಾಲ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಮೊದಲು ಸಂಪು ಎಷ್ಟು ಲೀಟರಿನದು ಎಂದು ವಿಚಾರಿಸಬೇಕು. ಬಾಡಿಗೆಗೆ ಬರುವವರೂ ಮೊದಲು ಕೇಳುವುದು ಅದನ್ನೇ.

ನಮ್ಮ ನಕ್ಷೆಯಲ್ಲಿ ಕೆಳಗೆ ಬೈಕ್ ನಿಲ್ಲುವಷ್ಟು ಜಾಗ ಬಿಟ್ಟು, ಅದರಡಿಗೆ ಪೂರ್ತಿ ಸಂಪು ಹಾಕಿಸಿದ್ದೇವೆ. ಅಂಗಡಿ ಮಾಡಿದ್ದರೆ ಬಾಡಿಗೆ ಹೆಚ್ಚು ಬರುತ್ತಿತ್ತು, ಆದರೆ ಗೃಹಸಾಲದ ಲೆಕ್ಕಕ್ಕೆ ಅಂಗಡಿ ಸೇರುವುದಿಲ್ಲ. ಮಾವ ಈ ಸಲ ಸೈಟಿನ ಮಾತು ಎತ್ತಲಿಲ್ಲ. ಮೊಮ್ಮಗಳಿಗೆ ಮುಂದಿನ ವರ್ಷ ಬಳ್ಳಾರಿಯಲ್ಲಿ ಪಿಯುಸಿ, ಮೇಲಿನ ಪೋರ್ಷನ್ ಯಾವಾಗ ಮುಗಿಯುತ್ತದೆಂದು ಕೇಳಿದ್ದಾರೆ.