ಕೈಗಡಿಯಾರಕ್ಕೊಂದು ತಿರುಗುಪೆಟ್ಟಿಗೆ

ಕೈಗಡಿಯಾರಗಳಲ್ಲಿ ಮೂರು ಬಗೆಗಳುಂಟು: ದಿನವೂ ಕೀಲಿ ಕೊಡಬೇಕಾದವು, ಬ್ಯಾಟರಿಯಿಂದ ನಡೆಯುವವು, ಕಟ್ಟಿಕೊಂಡವರ ಕೈಯ ಚಲನೆಯಿಂದಲೇ ಕೀಲಿ ಪಡೆಯುವವು. ಮೂರನೆಯ ಬಗೆಗೆ ಆಟೋಮ್ಯಾಟಿಕ್ ಎಂದು ಹೆಸರು. ಇದನ್ನು ಕಟ್ಟಿಕೊಳ್ಳದೆ ಇಟ್ಟರೆ ಸಾಮಾನ್ಯವಾಗಿ ಎರಡು ದಿನಗಳೊಳಗೆ ನಿಲ್ಲುತ್ತದೆ. ಹಾಗೆ ನಿಲ್ಲದಂತೆ ನೋಡಿಕೊಳ್ಳುವ ಪೆಟ್ಟಿಗೆಯೊಂದನ್ನು ನಾನು ಗುಜರಿ ಸಾಮಾನುಗಳಿಂದ ಮಾಡಿದ್ದೇನೆ. ಅದರ ತತ್ತ್ವವನ್ನೂ ರಚನೆಯನ್ನೂ ವಿದ್ಯಾರ್ಥಿಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ವಿಷಯಕ್ಕೂ ನಮ್ಮ ನಾಡಿಗೂ ನಂಟಿದೆ. ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ೧೯೬೧ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಅದರ ‘ಜನತಾ’ ಕೀಲಿ ಕೊಡುವ ಗಡಿಯಾರ, ‘ಕಾಂಚನ್’ ಆಟೋಮ್ಯಾಟಿಕ್. ೨೦೧೬ರಲ್ಲಿ ಕೇಂದ್ರ ಸರ್ಕಾರವು ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚಲು ಒಪ್ಪಿಗೆಯಿತ್ತಿತು. ನಮ್ಮ ತಂದೆಯವರು ಕಟ್ಟುತ್ತಿದ್ದ ಕಾಂಚನ್ ಈಗ ನನ್ನ ಬಳಿ ಇದೆ. ಅದನ್ನು ಕೆಡಿಸಿಕೊಳ್ಳುವಂತಿಲ್ಲ. ಆದ್ದರಿಂದ ಮೊದಲು ಅದರ ಸ್ವಭಾವವನ್ನು ಅರಿಯುವುದು ಅಗತ್ಯವಾಯಿತು.

ಇಂತಹ ಗಡಿಯಾರದ ಬೆನ್ನಿನ ಮುಚ್ಚಳದೊಳಗೆ ಅರ್ಧಚಂದ್ರಾಕಾರದ ಲೋಹದ ತೂಕವೊಂದಿದೆ. ಕೈ ಓರೆಯಾದಂತೆಲ್ಲ ಅದು ತನ್ನ ಭಾರದಿಂದ ಕೆಳಗಿಳಿಯುತ್ತದೆ. ಇಳಿಯುವಾಗ ಹಲ್ಲುಚಕ್ರಗಳ ಮೂಲಕ ಮುಖ್ಯ ಸ್ಪ್ರಿಂಗನ್ನು ಬಿಗಿಗೊಳಿಸುತ್ತದೆ. ಹೆಚ್ಚು ತಿರುಗಿದರೆ ಸ್ಪ್ರಿಂಗು ಮುರಿಯದೇ ಎಂಬ ಸಂದೇಹ ಸಹಜ. ಸ್ಪ್ರಿಂಗಿನ ಹೊರತುದಿಯನ್ನು ಡಬ್ಬಿಯ ಗೋಡೆಗೆ ಬಂಧಿಸಿರುವುದಿಲ್ಲ. ಪೂರ್ತಿ ಬಿಗಿದಾಗ ಅದು ಜಾರಿಕೊಳ್ಳುತ್ತದೆ. ಆದರೂ ಅನಗತ್ಯವಾಗಿ ತಿರುಗಿಸಿದರೆ ಚಕ್ರಗಳು ಸವೆಯುವುದು ತಪ್ಪದು.

ಇಲ್ಲಿ ಕೆಲಸ ಮಾಡುವುದು ಭೂಮಿಯ ಆಕರ್ಷಣೆ. ಆದ್ದರಿಂದ ಗಡಿಯಾರವನ್ನು ಮಲಗಿಸಿ ತಿರುಗಿಸಿದರೆ ಪ್ರಯೋಜನವಿಲ್ಲ. ಗೋಡೆ ಗಡಿಯಾರದಂತೆ ಮುಖವನ್ನು ನಮ್ಮೆಡೆಗೆ ನಿಲ್ಲಿಸಿ ತಿರುಗಿಸಬೇಕು. ವೇಗವೂ ಕೂಡದು. ಅಕ್ಷದಿಂದ ೫ ಸೆಂಟಿಮೀಟರು ದೂರದಲ್ಲಿಟ್ಟ ವಸ್ತುವನ್ನು ನಿಮಿಷಕ್ಕೆ ಸುಮಾರು ೧೩೪ ಸುತ್ತು ತಿರುಗಿಸಿದರೆ ಹೊರಕ್ಕೆ ಎಸೆಯುವ ಬಲವು ಅದರ ತೂಕಕ್ಕೆ ಸಮನಾಗುತ್ತದೆ. ಆಗ ಒಳಗಿನ ತೂಕ ಕೆಳಗಿಳಿಯುವುದೆಂತು?

ನಾನು ಆರಿಸಿಕೊಂಡದ್ದು ಕೆಟ್ಟ ಏರ್ ಕೂಲರಿನಲ್ಲಿ ಗಾಳಿಯ ದಿಕ್ಕು ಬದಲಿಸುವ ಅಲಗುಗಳನ್ನು ಆಡಿಸುತ್ತಿದ್ದ ಪುಟ್ಟ ಮೋಟಾರು. ಅದು ನಿಮಿಷಕ್ಕೆ ೫ ಸುತ್ತು ಮಾತ್ರ ತಿರುಗುತ್ತದೆ. ಹಳೆಯ ಪ್ಲೈವುಡ್ಡಿನ ಪೆಟ್ಟಿಗೆಯ ಹಿಂಬದಿಗೆ ಅದನ್ನು ಸ್ಕ್ರೂಗಳಿಂದ ಬಿಗಿದು, ಅದರ ಕಡ್ಡಿಗೆ ಅಗಲಬಾಯಿಯ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೂರಿಸಿದೆ. ಸ್ಪಂಜಿನ ಸುರುಳಿಗೆ ಗಡಿಯಾರವನ್ನು ಕಟ್ಟಿ, ಮುಖ ಹೊರಗೆ ಕಾಣುವಂತೆ ಡಬ್ಬಿಯೊಳಗೆ ತುರುಕಿದರೆ ಆಯಿತು.

ಇನ್ನು ಲೆಕ್ಕ. ಬಹುಪಾಲು ಆಟೋಮ್ಯಾಟಿಕ್‌ಗಳಿಗೆ ದಿನಕ್ಕೆ ೬೫೦ರಿಂದ ೯೦೦ ಸುತ್ತು ಸಾಕು. ಪ್ಲಗ್ಗಿಗೆ ಸಿಕ್ಕಿಸುವ ಟೈಮರಿನಲ್ಲಿ ೧೫ ನಿಮಿಷಕ್ಕೊಂದರಂತೆ ೯೬ ಕಡ್ಡಿಗಳಿವೆ. ದಿನದುದ್ದಕ್ಕೂ ಅಲ್ಲಲ್ಲಿ ೯ ಕಡ್ಡಿಗಳನ್ನು ಒತ್ತಿದರೆ ೧೩೫ ನಿಮಿಷ, ಅಂದರೆ ೬೭೫ ಸುತ್ತು. ಈ ಜಾತಿಯ ಮೋಟಾರು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ತನಗೆ ತೋಚಿದಂತೆ ಹೊರಡುತ್ತದೆ. ಎರಡೂ ಕಡೆಗೆ ಕೀಲಿ ಪಡೆಯುವ ಗಡಿಯಾರಕ್ಕೆ ಇದರಿಂದ ತೊಂದರೆಯಿಲ್ಲ. ಒಂದೇ ಕಡೆಗೆ ಪಡೆಯುವುದಾದರೆ ಸುಮಾರು ಅರ್ಧ ವ್ಯರ್ಥ. ಎರಡು ದಿನ ತಿರುಗಿಸಿ ಹೊರತೆಗೆದು ಎಷ್ಟು ಗಂಟೆ ನಡೆಯುತ್ತದೆಂದು ನೋಡಿ; ಕಡಮೆಯಾದರೆ ಕಡ್ಡಿಗಳನ್ನು ಹೆಚ್ಚಿಸಿ.

ಮೋಟಾರು ೨೩೦ ವೋಲ್ಟಿನದು. ತಂತಿಯ ಕೂಡುಗಳು ಬರಿದಾಗಿರಕೂಡದು. ತಿಳಿದವರಿಗೆ ತೋರಿಸಿದ ಮೇಲೆಯೇ ಪ್ಲಗ್ಗಿಗೆ ಸಿಕ್ಕಿಸತಕ್ಕದ್ದು.

ಕಡೆಯದಾಗಿ ಒಂದು ಮಾತು. ಸಡಿಲಗೊಂಡ ಸ್ಪ್ರಿಂಗಿಗೆ ಈ ಪೆಟ್ಟಿಗೆ ಮದ್ದೇ ಹೊರತು ಒಣಗಿದ ಎಣ್ಣೆಗಲ್ಲ. ವರ್ಷಗಟ್ಟಲೆ ನಿಂತ ಗಡಿಯಾರವನ್ನು ರಿಪೇರಿಯವರಿಂದ ತೊಳೆಸಿ ಎಣ್ಣೆ ಹಾಕಿಸದೆ ಇದರಲ್ಲಿಟ್ಟರೆ, ಕಾಪಾಡುವ ಬದಲು ಸವೆಸಿದಂತಾಗುತ್ತದೆ. ಒಂದೇ ಗಡಿಯಾರವುಳ್ಳವರಿಗೆ ಇದು ಬೇಕಾಗಿಯೇ ಇಲ್ಲ. ಅವರ ಮುಂಗೈಯೇ ಸಾಕು.